ಮೂಲೆ ಪಟ

ಒಂದು ಕೋಣೆಗೆ ಐದು ಪಟ, ಅರ್ಧ ಗಂಟೆ, ಹೆಂಡತಿಯ ಎರಡು ಮೊಣಕಾಲು. ಮಾರಾಟದ ಮನೆಗಳ ಫೋಟೋ ತೆಗೆಯುವವನ ಲೆಕ್ಕ ಇಷ್ಟೇ ಆಗಿತ್ತು. ಕ್ಯಾಮೆರಾ ಕದಲದೆ ನಿಲ್ಲಬೇಕು. ಅವಳು ಅದರ ಕಣ್ಣಿಗೆ ಬೀಳದಂತೆ ತೆವಳಿ ಪರದೆ ಸರಿಸಬೇಕು. ಅದೇ ಮೊಣಕಾಲು ಊರಿ ಅವಳೀಗ ಗಂಡನ ಹೊದಿಕೆಯ ಸುಕ್ಕು ಬಿಡಿಸುತ್ತಿದ್ದಳು.

"ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ ಅಂತ ಜೀವಮಾನವೆಲ್ಲ ಎಲ್ಲರಿಗೂ ಬೈದ. ಇವತ್ತು ತನ್ನ ಮಾತು ತಾನೇ ಕೇಳ್ಕೊಂಡು ಮಲಗಿದಾನೆ ನೋಡಿ," ಎಂದ ಪಕ್ಕದ ಮನೆಯ ಬಡಗಿ. ಬೀದಿಯಲ್ಲಿ ಸತ್ತವನ ಅಡ್ಡಹೆಸರೇ 'ಅಲ್ಲಾಡ್ಬೇಡಿ'. ಜನ ನಕ್ಕರು, ನಕ್ಕವರೇ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಆಚೆ ಬೀದಿಯ ಹೊಲಿಗೆಯವಳು ಗಂಡನೊಂದಿಗೆ ಬಂದಳು. ಬಂದವಳೇ ಹೆಣದ ಪಕ್ಕ ಕುಸಿದು ಅತ್ತಳು.

"ಅಕ್ಕಾ, ಇವರ ಪಟ ನೋಡೇ ನಾವು ಮನೆ ತಗೊಂಡಿದ್ದು. ಹೋಗಿ ನೋಡ್ದಾಗ ಒಳಕೋಣೇಲಿ ಬಲ್ಬೇ ಇರ್ಲಿಲ್ಲ. ಪಟದಲ್ಲಿ ಎಲ್ಲಾ ಕಾಣ್ಸುತ್ತಲ್ಲ ಅಂತ ಸುಮ್ನಾದ್ವಿ."

"ಈಗ ಹೇಗಿದೆ ಮನೆ?" ಸತ್ತವನ ಹೆಂಡತಿಗೆ ಕೇಳದೆ ಇರಲಾಗಲಿಲ್ಲ.

"ಆ ಒಳಕೋಣೆ ಸೂರು ಬಿರುಕು ಬಿಟ್ಟಿದೆ. ಮೊನ್ನೆ ಗಾರೆ ಕಳಚಿ ಮಗು ಮಲಗೋ ಜಾಗಕ್ಕೇ ಬಿತ್ತು. ಪುಣ್ಯಕ್ಕೆ ಮಗು ನನ್ನ ತೊಡೆ ಮೇಲಿತ್ತು. ಮಾರಿದೋರು ಏನಂತಾರೆ ಗೊತ್ತಾ? ನಿಮ್ಮ ಹೊಲಿಗೆ ಮೆಷಿನ್ ಅದುರಿ ಹೀಗಾಗಿದೆ, ನೀವೇ ಸರಿಮಾಡಿಸ್ಕೊಳ್ಳಿ ಅಂತಾರೆ. ಇವರಿದ್ದಿದ್ರೆ ಮೊದ್ಲು ಹೇಗಿತ್ತು ಅಂತ ಹೇಳ್ತಿದ್ರು."

ಆ ಮನೆ ಮಾರಿಸಿಕೊಟ್ಟ ದಲ್ಲಾಳಿ, ಸತ್ತವನ ತಮ್ಮ, ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

*

ಆ ಮನೆ ಮಾರಾಟಕ್ಕಿದ್ದಾಗ ಆ ಕೋಣೆಯಲ್ಲೂ ಐದು ಪಟ ತೆಗೆದಿದ್ದರು. ಬೆಳಕು ಕಡಿಮೆಯಿದ್ದ ಪಟದಲ್ಲಿ ಕಿಟಕಿಯಾಚೆಯ ಮರ ಚೆನ್ನಾಗಿ ಕಾಣುತ್ತದೆ, ಬೆಳಕು ಹೆಚ್ಚಿದ್ದರಲ್ಲಿ ಕೋಣೆಯ ಕತ್ತಲೆ ಮೂಲೆ. ಐದನ್ನೂ ಕಂಪ್ಯೂಟರಿನಲ್ಲಿ ಬೆಸೆದರೆ ಮರವೂ ಉಂಟು, ಮೂಲೆಯೂ ಉಂಟು. ಎಲ್ಲಕ್ಕಿಂತ ಹೆಚ್ಚು ಬೆಳಕಿನ ಐದನೆಯದನ್ನು ಗಂಡಹೆಂಡಿರು 'ಮೂಲೆ ಪಟ' ಎನ್ನುತ್ತಿದ್ದರು.

ಆ ಸಲದ ಮೂಲೆ ಪಟದಲ್ಲಿ ಸೂರಿನಿಂದ ಗೋಡೆಗೆ ಇಳಿದ ಬಿರುಕು ಕಂಡಿತು. ಅಲ್ಲೇ ನಿಂತಿದ್ದಾಗ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

"ನಾಲ್ಕನ್ನೇ ಬೆಸೀತೀನಿ," ಎಂದ ಗಂಡ. "ಬಿರುಕು ಕಾಣ್ಬಾರ್ದು ಅಂತ ತಮ್ಮ ಹೇಳಿದಾನೆ."

"ಅಲ್ಲಿ ಯಾರೋ ಮಲಗ್ತಾರೆ ಕಣ್ರೀ."

"ನಾವು ಪಟ ತೆಗೆಯೋರು ಕಣೇ, ಮನೆ ಕಟ್ಟೋರಲ್ಲ."

ಅವನು ನಾಲ್ಕನ್ನೇ ಬೆಸೆದ; ಅವಳು ಪಕ್ಕದಲ್ಲೇ ಕೂತು ನೋಡಿದಳು. ಆದರೆ ಐದನೆಯದನ್ನು ಅಳಿಸಿಹಾಕಲು ಅವನಿಗೂ ಕೈ ಬರಲಿಲ್ಲ. ಆಮೇಲೆ ಅವನು ಆ ಮನೆಯ ಬೀದಿಯನ್ನೇ ತುಳಿಯಲಿಲ್ಲ. ಕೇಳಿದರೆ, ನಾಯಿ ಕಾಟ ಎನ್ನುತ್ತಿದ್ದ.

*

ಅವಳು ಎದ್ದು ಕೆಲಸದ ಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದಳು. ಮೈದುನ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದ.

"ಅತ್ತಿಗೆ, ಅಣ್ಣನ್ನ ಮಣ್ಣು ಮಾಡೋಕೆ ಮುಂಚೇನೇ ಅವನ ಹೆಸರನ್ನ ಮಣ್ಣುಪಾಲು ಮಾಡ್ತೀರಾ? ಆ ಪಟ ನಾಳೆ ಕೊಡಿ."

"ನಾಳೆಗೆ ನಂಗೆ ಧೈರ್ಯ ಇರಲ್ಲ ಕಣೋ."

"ನನ್ನ ಗತಿ?"

"ಗಾರೆ ಎಲ್ಲಿ ಬಿತ್ತು ಅಂತ ಕೇಳಿಸ್ಕೊಂಡ್ಯಲ್ಲ?"

ಅವನು ಬಾಗಿಲು ಬಿಟ್ಟು ಸರಿದ. ಪ್ರಿಂಟರ್ ಗೊರಗೊರ ಎನ್ನುತ್ತ ಹಾಳೆ ಉಗುಳಿತು.

ಹೊಲಿಗೆಯವಳು ಹಾಳೆಯನ್ನು ಬೆಳಕಿಗೆ ಹಿಡಿದಳು. "ಇದು ನಾವು ತಗೊಳ್ಳೋಕೆ ಮುಂಚಿಂದಾ?"

"ತಾರೀಖು ಕೆಳಗಿದೆ. ಇವರಿಗೆ ಗೊತ್ತಿತ್ತು. ನಂಗೂ ಗೊತ್ತಿತ್ತು. ತಪ್ಪಾಯ್ತಮ್ಮಾ."

ಹೊಲಿಗೆಯವಳು ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಹೆಣದ ಕಡೆಗೊಮ್ಮೆ ನೋಡಿದಳು.

"ನಾನು ಇವರಿಗೋಸ್ಕರ ಅತ್ತೆ," ಎಂದಳು. ಚೀಲ ಎತ್ತಿಕೊಂಡು ಹೊರಟಳು. ಶವಪೆಟ್ಟಿಗೆಗೆ ಹೆಗಲು ಕೊಡಲೆಂದು ಅಂಗಿಯ ತೋಳು ಮಡಚಿಕೊಂಡಿದ್ದ ಅವಳ ಗಂಡನೂ ಅದನ್ನು ಬಿಡಿಸಿಕೊಳ್ಳುತ್ತ ಹಿಂದೆಯೇ ಹೋದ.

ಮಣ್ಣಿಗೆ ಹೊರಡುವ ಹೊತ್ತಾಯಿತು. ಮೈದುನ, ಬಡಗಿ, ಬಡಗಿಯ ತಮ್ಮ ಪೆಟ್ಟಿಗೆ ಹಿಡಿದರು. ಇನ್ನೊಬ್ಬ ಬೇಕಿತ್ತು. ಅಂಗಳದ ಗಂಡಸರು ಅವರವರ ಚಪ್ಪಲಿ ನೋಡಿಕೊಂಡರು; ಮಾತು ಆಗಲೇ ಬಾಗಿಲು ದಾಟಿತ್ತು.

"ಯಾರನ್ನಾದ್ರೂ ಕರೀತೀನಿ ಇರಿ ಅತ್ತಿಗೆ."

"ಯಾರನ್ನೂ ಕರೀಬೇಡ."

ಹೊಲಿಗೆಯವಳಿಗೆ ಸಾಕ್ಷಿ ಸಿಕ್ಕಿತ್ತು. ಸತ್ತವನಿಗೆ ಒಂದು ಹೆಗಲು ತಪ್ಪಿತ್ತು. ಹೆಂಡತಿ ತಾನೇ ಬಗ್ಗಿ ಹೆಗಲು ಕೊಟ್ಟಳು. ಪೆಟ್ಟಿಗೆ ಅವಳ ಕಡೆಗೆ ವಾಲಿತು. ಮೂವರು ಗಂಡಸರೂ ಭುಜ ತಗ್ಗಿಸಿ, ಅವಳ ಎತ್ತರಕ್ಕೆ ಇಳಿದು, ಮೆಲ್ಲಗೆ ನಡೆಯತೊಡಗಿದರು.