ಮುಂದೆ ಮಾಡಿದ ಬಾಗಿಲು

"ಕತ್ತು ನೆಟ್ಟಗೆ ಮಾಡ್ರೋ, ಎಡಕ್ಕೆ ವಾಲ್ತಾ ಐತೆ," ಎನ್ನುತ್ತಲೇ ಮಹೇಶ್ವರಪ್ಪ ಅಣ್ಣನ ಬೆನ್ನ ಹಿಂದೆ ಇನ್ನೊಂದು ದಿಂಬು ತುರುಕಿದ.

ಪರಮಶಿವಪ್ಪನವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅವರ ಮನೆತನದ ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಣ್ಣಿಗೆ ಹೋಗುವವರೆಗೂ, ಮಣ್ಣಿನೊಳಗೂ ಅವರು ಕೂತೇ ಇರಬೇಕು. ಶಿಕಾರಿಪುರದ ಪೇಟೆಯಲ್ಲಿ ಇಡೀ ಆಯುಷ್ಯ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕಳೆದ ಮನುಷ್ಯನಿಗೆ ಕೂರುವುದು ಹೊಸದೇನಲ್ಲ. ಆದರೆ ಅವರು ಜೀವ ಬಿಟ್ಟದ್ದು ಗಾದಿಯ ಮೇಲಲ್ಲ. ಅಂಗಡಿಯ ಎದುರಿಗಿದ್ದ ಟೈಪಿಂಗ್ ಶಾಲೆಯಲ್ಲಿ, ಅಲ್ಲಿದ್ದ ಒಂದೇ ಒಂದು ಕಂಪ್ಯೂಟರಿನ ಮುಂದೆ. ಬಂದವರಿಗೆಲ್ಲ ತಲೆಗೆ ಹತ್ತದೆ ಉಳಿದದ್ದು ಅದೇ.

"ಎದೆನೋವು ಅಂದ್ರೆ ಸರಿ. ಆದ್ರೆ ಅಲ್ಲಿಗ್ಯಾಕೆ ಹೋಗಿದ್ರು?"

"ಅದೇನೋ ಪುಟ ಮಾಡೋದು ಕಲೀತಿದ್ದ," ಎಂದ ಮಹೇಶ್ವರಪ್ಪ.

"ಪುಟ ಅಂದ್ರೆ, ಪ್ರಿಂಟಿಂಗಾ?"

"ಪ್ರಿಂಟಿಂಗಲ್ಲ. ಕಾಗದ ಇರಂಗಿಲ್ಲಂತೆ."

"ಕಾಗದ ಇಲ್ದೇ ಪುಟ ಎಂಥದ್ದೋ ಮಾರಾಯ!"

"ನಂಗೇನ್ ಗೊತ್ತು? ಪ್ರಪಂಚದ ಜನ ಎಲ್ಲಾ ನೋಡ್ತಾರೆ ಅಂತಿದ್ದ. ಎಲ್ಲೈತೆ ತೋರ್ಸು ಅಂದ್ರೆ, ಇಲ್ಲಿಲ್ಲ, ಅಲ್ಲೈತೆ ಅಂತಿದ್ದ."

ಕೇಳಿದವರು ತಲೆಯಾಡಿಸಿದರು. ಯಾರಿಗೂ ಏನೂ ಅರ್ಥವಾಗಲಿಲ್ಲ. ಸಾವಿನ ಮನೆಯಲ್ಲಿ ಅರ್ಥವಾಗಲಿಲ್ಲ ಎಂದು ಜಗಳ ಮಾಡಲು ಬರುವುದಿಲ್ಲ.

ಹೆಂಗಸರ ನಡುವೆ ಮಾತು ಬೇರೆ ದಾರಿ ಹಿಡಿದಿತ್ತು. "ಆ ಟೈಪಿಂಗ್ ಹುಡುಗಿಗೆ ಇನ್ನೂ ಮದುವೆ ಇಲ್ಲ. ದಿನಾ ಮಧ್ಯಾಹ್ನ ಅಲ್ಲೇ ಏನ್ ಕೆಲಸ ಇರ್ತಿತ್ತು ಇವರಿಗೆ?" ಎಂದು ಹೂವಿನ ಹುಲಿಗೆಮ್ಮ ಪಕ್ಕದವರ ಕಿವಿಯಲ್ಲಿ ಹೇಳಿದ್ದು ರಾಜೇಶ್ವರಮ್ಮನಿಗೂ ಕೇಳಿಸಿತು. ಗಂಡನ ಪಾದದ ಬಳಿ ಕೂತಿದ್ದ ಅವರು ತಲೆ ಎತ್ತಲಿಲ್ಲ. ಗಂಡ ಹೋದ ಸಂಕಟ ಒಂದು ಕಡೆ, ಸಿಟ್ಟು ಇನ್ನೊಂದು ಕಡೆ. ಅಂಗಡಿಯ ಸೀರೆಗಳನ್ನೆಲ್ಲ ಒಳಮನೆಯಲ್ಲಿ ಕೂತು ಮಡಿಸಿಟ್ಟವಳು ತಾನು. ತನಗೆ ಹೇಳಲಾಗದಂಥದ್ದೇನಿತ್ತು ಇವರಿಗೆ? ಮಣ್ಣಿಗೆ ಕಳಿಸುವ ಮೊದಲು ಅದೊಂದು ಗೊತ್ತಾಗಬೇಕು. ಆಮೇಲೆ ಯಾರನ್ನು ಕೇಳುವುದು?

ಸೊರಬದಿಂದ ತವರಿನವರು ಬಂದಿಳಿದ ಹೊತ್ತಿಗೇ ದಿವ್ಯಳೂ ಬಾಗಿಲಲ್ಲಿ ಕಾಣಿಸಿಕೊಂಡಳು. ಕುಪ್ಪಗಡ್ಡೆಯ ಹುಡುಗಿ, ಟೈಪಿಂಗ್ ಶಾಲೆ ನಡೆಸುವವಳು. ಎದೆಗವಚಿಕೊಂಡ ದಪ್ಪ ಪುಸ್ತಕವೊಂದು ಅವಳ ಕೈಯಲ್ಲಿತ್ತು. ಪಡಸಾಲೆಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು.

"ಒಳಗೆ ಬಾ," ಎಂದರು ರಾಜೇಶ್ವರಮ್ಮ. "ಇಲ್ಲೇ ಕೂತ್ಕೋ. ಇವರು ನಿನ್ ಹತ್ರ ಏನ್ ಮಾಡ್ತಿದ್ರು ಅಂತ ಎಲ್ರ ಮುಂದೆ ಹೇಳು."

ದಿವ್ಯ ಪುಸ್ತಕವನ್ನು ಮುಂದಿಟ್ಟಳು. ಮುಖಪುಟದ ತುಂಬ ಜೇಡರ ಬಲೆಯ ಚಿತ್ರವಿತ್ತು. ಅದನ್ನು ಕಂಡದ್ದೇ ಹುಲಿಗೆಮ್ಮ ಹಿಂದಕ್ಕೆ ಸರಿದಳು.

*

ಹಿಂದಿನ ವರ್ಷ, ತೊಂಬತ್ತೆಂಟರಲ್ಲಿ, ಮಾಲು ತರಲು ದಾವಣಗೆರೆಗೆ ಹೋದಾಗ ಪರಮಶಿವಪ್ಪ ರಸ್ತೆಬದಿಯ ಹಳೇ ಪುಸ್ತಕದ ರಾಶಿಯಲ್ಲಿ ಆ ಬಲೆಯನ್ನು ಕಂಡಿದ್ದರು. ನೆಟ್ ಸೀರೆಯ ಹೊಸ ಡಿಸೈನುಗಳ ಪುಸ್ತಕವೆಂದೇ ತಂದರು. ಬಿಚ್ಚಿ ನೋಡಿದರೆ ಸೀರೆಯೂ ಇಲ್ಲ, ನೂಲೂ ಇಲ್ಲ. ಬರೀ ಕಂಪ್ಯೂಟರಿನ ಚಿತ್ರಗಳು, ಬಾಣದ ಗುರುತುಗಳು. ಮರುದಿನ ಅದನ್ನೆತ್ತಿಕೊಂಡು ರಸ್ತೆ ದಾಟಿದರು.

"ಇದೇನ್ ನೋಡು ತಂಗೀ, ನಂಗೆ ಟೋಪಿ ಬಿತ್ತು."

"ಕಂಪ್ಯೂಟರಲ್ಲಿ ಪುಟ ಮಾಡೋದು ಹೇಳಿಕೊಡುತ್ತೆ ಸಾಹುಕಾರ್ರೇ. ಇಂಗ್ಲಿಷ್ ಬರದಿದ್ರೂ ಚಿತ್ರ ನೋಡಿಕೊಂಡು ಮಾಡಬಹುದು."

"ದುಡ್ಡಂತೂ ಹೋಗೈತೆ. ಮಾಡೇಬಿಡಾಣ."

ಹೀಗೆ ಶುರುವಾಯಿತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವರು ಒಂದೊಂದೇ ಅಕ್ಷರವನ್ನು ಹುಡುಕಿ ಹುಡುಕಿ ಒತ್ತುತ್ತಿದ್ದರು. ಚಿತ್ರದಲ್ಲಿದ್ದದ್ದು ತೆರೆಯ ಮೇಲೆ ಬರದಿದ್ದರೆ ಪುಸ್ತಕವನ್ನೇ ಬೈಯುತ್ತಿದ್ದರು. ದೊಡ್ಡದಾಗು ಎಂದರೆ ಅಕ್ಷರ ದೊಡ್ಡದಾಗುತ್ತದೆ, ಕೆಂಪಾಗು ಎಂದರೆ ಕೆಂಪಾಗುತ್ತದೆ ಎಂಬುದು ತಲೆಗೆ ಹತ್ತಿದ ದಿನ ಅವರು ಎದ್ದು ನಿಂತು ನಕ್ಕಿದ್ದರು.

ಪಟ್ಟು ಹಿಡಿದು ಕೂತದ್ದು ಅದರ ಮುಂದಿನ ಪಾಠದಲ್ಲಿ. ಅಕ್ಷರ ಎಲ್ಲಿಂದ ದೊಡ್ಡದಾಗಬೇಕೋ ಅಲ್ಲಿ ಒಂದು ಗುರುತು ಹಾಕಬೇಕು, ಎಲ್ಲಿಗೆ ಸಾಕೋ ಅಲ್ಲಿ ಇನ್ನೊಂದು. ಮೊದಲಿನ ಗುರುತಿಗೆ ಪುಸ್ತಕದಲ್ಲಿ ತೆರೆದ ಬಾಗಿಲಿನ ಚಿತ್ರವಿತ್ತು, ಎರಡನೆಯದಕ್ಕೆ ಬೀಗ ಜಡಿದ ಬಾಗಿಲು.

"ಇದನ್ನ ನಾನು ಹಾಕಂಗಿಲ್ಲ," ಎಂದರು ಪರಮಶಿವಪ್ಪ.

"ಮುಚ್ಚಲೇಬೇಕು ಸಾಹುಕಾರ್ರೇ. ಇಲ್ಲಾಂದ್ರೆ ಕೆಳಗಿರೋದೆಲ್ಲ ದೊಡ್ಡದಾಗುತ್ತೆ."

"ಆಗ್ಲಿ ಬಿಡು. ಅಂಗಡಿ ಇಟ್ಟೋರ ಮನೇಲಿ ಆ ಮಾತೇ ಆಡಂಗಿಲ್ಲ ತಾಯಿ. ರಾತ್ರಿ ಕೂಡ 'ಬಾಗಿಲು ಮುಂದೆ ಮಾಡು' ಅಂತೀವಿ. ಅಂಥಾದ್ರಲ್ಲಿ ಈ ಹೆಸರಿನ ಮಗ್ಗುಲಿಗೆ ಬೀಗ ಹಾಕಿದ ಬಾಗಿಲು ತಂದು ಇಡ್ಲಾ?"

"ಕಂಪ್ಯೂಟರಿಗೆ ಶಕುನ ಇಲ್ಲ ಸಾಹುಕಾರ್ರೇ."

"ಅದಕ್ಕಿಲ್ದಿದ್ರೆ ನಂಗೈತೆ."

ತಿಂಗಳುಗಟ್ಟಲೆ ಅದೇ ವಾದ. ಪುಟದ ಮಿಕ್ಕ ಭಾಗವೆಲ್ಲ ಮುಗಿಯಿತು. ಆ ಒಂದು ಗುರುತನ್ನು ಮಾತ್ರ ಅವರು ತಾವೂ ಹಾಕಲಿಲ್ಲ, ಅವಳಿಗೂ ಹಾಕಲು ಬಿಡಲಿಲ್ಲ. ನಿನ್ನೆಯೂ ಅದೇ ಮಾತಾಡುತ್ತ ಎದೆ ಹಿಡಿದುಕೊಂಡರು.

*

ದಿವ್ಯ ಇಷ್ಟನ್ನೂ ತಡವರಿಸುತ್ತ ಹೇಳಿದಳು. ಜನಕ್ಕೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು.

"ಪ್ರಪಂಚ ನೋಡತ್ತೆ ಅಂದಿದ್ದು ಸುಳ್ಳಾ?" ಎಂದು ಮಹೇಶ್ವರಪ್ಪ ಕೇಳಿದ.

"ಸುಳ್ಳಲ್ಲ. ಆದ್ರೆ ನಮ್ಮಲ್ಲಿಗೆ ಇನ್ನೂ ಇಂಟರ್ನೆಟ್ ಲೈನ್ ಬಂದಿಲ್ಲ. ಸದ್ಯಕ್ಕೆ ನಮ್ಮ ರೂಮಲ್ಲಿ ಕೂತೋರಿಗೆ ಮಾತ್ರ ಕಾಣೋದು."

"ಅಂದ್ರೆ ಯಾರೂ ನೋಡಿಲ್ಲ."

"ನಾವಿಬ್ರು ನೋಡಿದೀವಿ."

ರಾಜೇಶ್ವರಮ್ಮನ ಮನಸ್ಸು ಮಾತ್ರ ಒಂದೇ ಮಾತಿನಲ್ಲಿ ನಿಂತಿತ್ತು. "ಯಾರ ಹೆಸರು ಅದು? ಬೀಗ ಹಾಕಲ್ಲ ಅಂದ್ರಲ್ಲ, ಯಾರ ಹೆಸರಿಗೆ?"

ದಿವ್ಯ ಸುತ್ತ ನೋಡಿದಳು. "'ನಾನೇ ತೋರಿಸ್ತೀನಿ, ನೀನು ಬಾಯಿ ಬಿಡಬೇಡ' ಅಂತ ಸಾಹುಕಾರ್ರು ಅಂದಿದ್ರು ಅಮ್ಮಾ. ಅವರು ಇಲ್ಲೇ ಕೂತಿರುವಾಗ ಹೇಗೆ ಹೇಳಲಿ? ನೀವೇ ಬಂದು ನೋಡಿ."

ಹೊರಗೆ ಹೆಗಲ ಮೇಲೆ ಒಯ್ಯುವ ವಿಮಾನ ಕಟ್ಟಿ ಆಗಿತ್ತು. ಹೂವು, ಬಾಳೆಕಂದುಗಳ ನಡುವೆ ಪರಮಶಿವಪ್ಪನವರನ್ನು ಕೂರಿಸಿ ಎತ್ತಿದರು. ಭಜನೆಯವರು ಮುಂದೆ, ಜನ ಹಿಂದೆ. ಪೇಟೆಯಲ್ಲಿ ಅವರ ಅಂಗಡಿಯ ಎದುರಿಗೆ ಮೆರವಣಿಗೆ ನಿಂತಿತು. ವ್ಯಾಪಾರದವರನ್ನು ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲಿಸಿ, ಬಾಗಿಲು ತೆಗೆದು ತೋರಿಸಿಯೇ ಕರೆದೊಯ್ಯುವುದು ಅವರಲ್ಲಿ ರೂಢಿ. ಮಹೇಶ್ವರಪ್ಪ ಬೀಗದ ಕೈ ಹುಡುಕುತ್ತಿದ್ದ. ರಾಜೇಶ್ವರಮ್ಮ ಸೆರಗು ಹೊದ್ದು ದಿವ್ಯಳ ಹಿಂದೆ ರಸ್ತೆಯ ಆಚೆ ಬದಿಯ ಟೈಪಿಂಗ್ ಶಾಲೆಗೆ ಹೊರಟರು.

"ಅತ್ತಿಗೆ, ಅತ್ಲಾಗೆಲ್ಲಿ?" ಎಂದು ಅವನು ಕೂಗಿದ್ದಕ್ಕೆ ತಿರುಗಿ ನೋಡಲಿಲ್ಲ.

ಪುಣ್ಯಕ್ಕೆ ಕರೆಂಟು ಇತ್ತು. ದಿವ್ಯ ಗುಂಡಿ ಒತ್ತಿದಳು. ಬಿಳಿ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಸಣ್ಣದಾಗಿ ಬಂತು. ಅದರ ಕೆಳಗಿನದ್ದೆಲ್ಲ ಕೆಂಪು, ದೊಡ್ಡದು.

"ಮೇಲಿನ ಸಣ್ಣದು ಅಂಗಡಿ ಹೆಸರು. ಅದಕ್ಕೆ ಬೋರ್ಡ್ ಐತೆ, ಸಣ್ಣದೇ ಸಾಕು ಅಂದ್ರು. ಕೆಳಗಡೆದು..." ದಿವ್ಯ ಅಕ್ಷರಗಳ ಕೆಳಗೆ ಬೆರಳಾಡಿಸುತ್ತ ನಿಧಾನವಾಗಿ ಓದಿದಳು. "ರಾ-ಜೇ-ಶ್ವ-ರ-ಮ್ಮ."

ರಾಜೇಶ್ವರಮ್ಮ ತೆರೆಯ ಹತ್ತಿರಕ್ಕೆ ಬಾಗಿದರು. ಮದುವೆಯಾದ ದಿನದಿಂದ ಅವರ ಗಂಡ ಅವರನ್ನು ಕರೆದದ್ದು 'ಇಕಾ' ಎಂದೇ. ಆ ಹೆಸರು ಗಂಡನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬರಬಹುದೆಂದು ಇವರೂ ಕಾದಿರಲಿಲ್ಲ. ಹುಲಿಗೆಮ್ಮನ ಮಾತನ್ನು ಒಂದು ಗಳಿಗೆಯಾದರೂ ನಂಬಿದೆನಲ್ಲ ಎಂದು ಈಗ ಅಳು ಒತ್ತರಿಸಿ ಬಂತು.

"ಕೆಳಗೆ ಇನ್ನೂ ಐತಲ್ಲ, ಅದೂ ನನ್ ಹೆಸರೇನಾ?"

"ಅಲ್ಲ ಅಮ್ಮ. ಸೀರೆ, ಪಂಚೆ, ಬಸ್ ಸ್ಟ್ಯಾಂಡ್ ರೋಡು, ಉದ್ರಿ ಕೇಳಬೇಡಿ..." ಅಳುತ್ತಿದ್ದ ರಾಜೇಶ್ವರಮ್ಮನಿಗೂ ನಗು ಬಂತು. "ನಿಮ್ಮ ಹೆಸರಿನ ಹತ್ರ ನಿಲ್ಲಿಸಿಲ್ವಲ್ಲ, ಎಲ್ಲಾದಕ್ಕೂ ಅದೇ ಬಣ್ಣ ಹತ್ತಿದೆ."

"ನಿಲ್ಸೋದು ಯಾವುದ್ರಲ್ಲಿ?"

ದಿವ್ಯ ಕೀಲಿಮಣೆಯಲ್ಲಿ, ಆ ಬೀಗದ ಗುರುತಿಗೆ ಬೇಕಾದ ಓರೆಗೀಟಿನ ಕೀಲಿಯನ್ನು ತೋರಿಸಿದಳು. "ಬೆಳಿಗ್ಗೆ ನಾನೇ ಸರಿ ಮಾಡೋಣ ಅಂತ ಕೂತೆ. ಕೈ ಬರಲಿಲ್ಲ. ಈಗ ಹಾಕಲಾ?"

ರಸ್ತೆಯಾಚೆ ಅಂಗಡಿಯ ಬಾಗಿಲು ತೆರೆದಿತ್ತು. ವಿಮಾನದಲ್ಲಿ ಕೂತವರ ಬೆನ್ನು ಅಂಗಡಿಯ ಕಡೆಗಿತ್ತು, ಮುಖ ಇತ್ತ.

"ತಿರುಗ್ಸಿ ನಿಲ್ಸ್ರೋ, ಅಂಗಡಿ ನೋಡ್ಲಿ," ಎಂದು ಯಾರೋ ಅಂದರು.

"ಹಂಗೇ ಇರ್ಲಿ!" ರಾಜೇಶ್ವರಮ್ಮ ಬಾಗಿಲಿಗೆ ಬಂದು ಕೂಗಿದರು. ಜನ ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಗಲು ಕೊಟ್ಟವರು ಹಾಗೆಯೇ ನಿಂತರು.

ಸ್ವಲ್ಪ ಹೊತ್ತಿಗೆ ಭಜನೆ ಮತ್ತೆ ಎದ್ದಿತು. ದಿವ್ಯ ಕಂಪ್ಯೂಟರ್ ಆರಿಸಲು ಕೈ ಚಾಚಿದಳು.

"ಆರಿಸ್ಬೇಡ," ಎಂದರು ರಾಜೇಶ್ವರಮ್ಮ. "ಬಾಗಿಲು ಮುಂದೆ ಮಾಡು, ಸಾಕು."

ದಿವ್ಯ ಬಾಗಿಲನ್ನು ಮುಂದೆ ಮಾಡಿದಳು, ಚಿಲಕ ಹಾಕಲಿಲ್ಲ. ವಿಮಾನ ಮುಂದಕ್ಕೆ ಹೊರಟಾಗ, ಉಳಿದ ಸಂದಿನಲ್ಲಿ ಒಂದೆರಡು ಕೆಂಪು ಅಕ್ಷರಗಳು ರಸ್ತೆಯವರೆಗೂ ಕಾಣುತ್ತಿದ್ದವು.