ಎರಡನೇ ಬಟನ್

ಮೂವತ್ತೈದನೇ ಕಿಲೋಮೀಟರಿನ ಹಲಗೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇತ್ತು, ಆದರೆ ಉದ್ದಣ್ಣನ ಕಾಲು ಅದನ್ನು ಒಪ್ಪಲಿಲ್ಲ. ಬಾಗಿಲು ಮುಚ್ಚಿದ್ದ ಬೀಗದ ಅಂಗಡಿಯ ಮುಂದೆ, ಫುಟ್‌ಪಾತಿನ ಅಂಚಿಗೆ ಕೂತುಬಿಟ್ಟ. ಕೂತ ಅನ್ನುವುದಕ್ಕಿಂತ ಕುಸಿದ ಅನ್ನಬೇಕು. ಆರಡಿ ಮೂರಂಗುಲದ ಆಳು, ಮಡಚುವ ಏಣಿಯ ಹಾಗೆ ಮೂರು ತುಂಡಾಗಿ ನೆಲಕ್ಕೆ ಬಂದ.

"ಏಳೋ ಉದ್ದ. ಇಲ್ಲಿ ಕೂತ್ರೆ ಬೀಗದಂಗಡಿಯವನು ಬಾಡಿಗೆ ಕೇಳ್ತಾನೆ."

ಮಾಸ್ಟರ ದನಿ. ಬೆಳಗ್ಗಿನಿಂದ ನೀರಿನ ಬಾಟಲಿ ಹಿಡಿದು ಅವರು ಇಲ್ಲೇ ಕಾದಿದ್ದರು. ಬಾಟಲಿಯನ್ನು ಎಡ ಕಂಕುಳಿಗೆ ಸಿಕ್ಕಿಸಿ, ಬಲಗೈಯಿಂದ ಮುಚ್ಚಳ ತಿರುವಿದರು. ಈ ನಾಲ್ಕು ತಿಂಗಳಲ್ಲಿ ಅವರು ಕಲಿತ ವಿದ್ಯೆಗಳಲ್ಲಿ ಇದೂ ಒಂದು. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿವೆ. ಅವು ಒಂದನ್ನೊಂದು ಮುಟ್ಟುವುದಿಲ್ಲ. ಇನ್ನೊಂದು ಆಪರೇಷನ್ ಆದರೆ ಮುಟ್ಟುತ್ತವೆ, ಒಂದು ಹಾಳೆಯನ್ನಾದರೂ ಹಿಡಿಯಬಹುದು, ಆದರೆ ತಿಂಗಳೊಳಗೇ ಆಗಬೇಕು, ಆಮೇಲೆ ಮಾಡಿ ಪ್ರಯೋಜನವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಈ ಓಟ ಆ ಆಪರೇಷನ್ನಿಗೆ.

ಪ್ರೆಸ್ಸಿನ ಕಟಿಂಗ್ ಮೆಷಿನ್ ನಡೆಸುತ್ತಿದ್ದವರು ಇಬ್ಬರೇ: ಒಂದು ಪಾಳಿಗೆ ಮಾಸ್ಟರು, ಇನ್ನೊಂದಕ್ಕೆ ಉದ್ದಣ್ಣ. ಆ ಮೆಷಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಬಟನ್. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಕತ್ತಿ ಇಳಿಯಬೇಕು. ಹಾಗಿದ್ದರೆ ಕೈ ಒಳಗಿರುವ ಮಾತೇ ಇಲ್ಲ. ಹದಿನೇಳು ವರ್ಷ ಅದನ್ನೇ ನಂಬಿದ ಮಾಸ್ಟರು, ಆ ದಿನ ಪಾಳಿಯ ಮೊದಲ ಕಟ್ಟು ಇಟ್ಟು, ಬಲಗೈ ಬಟನ್ ಮೇಲಿರುವಾಗಲೇ ಎಡಗೈಯಿಂದ ಸರಿದ ಹಾಳೆ ಸರಿ ಮಾಡಲು ಹೋದರು. ಕತ್ತಿ ಇಳಿಯಿತು. ಎಡಗಡೆ ಬಟನ್ ಒತ್ತಿದಂತೆಯೇ ಇರಲಿ ಎಂದು ಅದರ ಸಂದಿಗೆ ಯಾರೋ ಒಂದು ಕಾರ್ಡನ್ನು ನಾಲ್ಕು ಮಡಿಕೆ ಮಡಚಿ ತುರುಕಿದ್ದರು. ಒಂದೇ ಕೈಯಲ್ಲಿ ಕೆಲಸ ಬೇಗ ಸಾಗುತ್ತದಲ್ಲ, ಅದಕ್ಕೆ. ವಿಚಾರಣೆಗೆ ಬಂದವರು ಆಗ ಮೆಷಿನ್ ಮುಂದೆ ಯಾರಿದ್ದರೋ ಅವರ ತಪ್ಪು ಅಂತ ಬರೆದರು. ತಪ್ಪು ತನ್ನದೇ ಆದವನಿಗೆ ಪರಿಹಾರ ಎಲ್ಲಿಂದ ಬರಬೇಕು? "ನಾನಿಟ್ಟಿಲ್ಲ" ಎಂದು ಮಾಸ್ಟರು ಹೇಳಿದ್ದನ್ನು ಯಾರೂ ನಂಬಲಿಲ್ಲ. ಮನೆಯಲ್ಲಿ ಹೆಂಡತಿಯೂ ನಂಬಲಿಲ್ಲ.

ಆಮೇಲೆ ಒಂದು ದಿನ ಉದ್ದಣ್ಣ, ಮಾಸ್ಟರಿಗಾಗಿ ನಲವತ್ತೆರಡು ಕಿಲೋಮೀಟರ್ ಓಡುತ್ತೇನೆ ಅಂದ. ಬಸ್ಸಿಗೂ ಓಡದವನು! ಮೂರು ತಿಂಗಳು ಪಾಳಿ ಮುಗಿಸಿ ಓಡಿದ, ಎರಡು ಜೊತೆ ಬೂಟು ಸವೆಸಿದ. ಅಂಗಡಿಯವರು, ನೆರೆಯವರು, ಬೈಂಡಿಂಗ್ ಹೆಂಗಸರು ಎಲ್ಲರೂ ಕೊಡುತ್ತೇವೆಂದು ಹೆಸರು ಬರೆಸಿದರು. ಪ್ರೆಸ್ಸಿನ ಯಜಮಾನರಂತೂ, "ನೀವೆಲ್ಲ ಎಷ್ಟು ಕೂಡಿಸ್ತೀರೋ ಅಷ್ಟೇ ನಾನೂ ಹಾಕ್ತೀನಿ. ಆದ್ರೆ ಪೂರ್ತಿ ಓಡ್ಬೇಕಪ್ಪ. ಅರ್ಧ ಮದುವೆಗೆ ಯಾರೂ ಉಡುಗೊರೆ ಕೊಡಲ್ಲ" ಅಂದರು. ಎಲ್ಲರೂ ನಕ್ಕರು. ನಕ್ಕವರೆಲ್ಲ ತಮ್ಮ ಹೆಸರಿನ ಮುಂದೆಯೂ ಅದೇ ಷರತ್ತು ಹಾಕಿಸಿದರು.

"ಕುಡಿ," ಎಂದು ಮಾಸ್ಟರು ಬಾಟಲಿ ಚಾಚಿದರು. "ಇನ್ನು ಏಳೇ ಏಳು. ನಮ್ಮ ಪ್ರೆಸ್ಸಿಂದ ರೈಲ್ವೆ ಸ್ಟೇಷನ್ನಿಗೆ ಹೋಗಿ ಬಂದಷ್ಟು."

"ಆಗಲ್ಲ ಮಾಸ್ಟ್ರೇ."

"ಆಗಲ್ಲ ಅನ್ನೋಕೆ ಇಷ್ಟು ದೂರ ಬಂದ್ಯಾ? ಅಲ್ಲೇ ಮನೇಲಿ ಹೇಳಿದ್ರೆ ಆಗ್ತಿರಲಿಲ್ವಾ?"

ಉದ್ದಣ್ಣ ನಗಲಿಲ್ಲ. ನೀರು ಬಾಯಿಗೆ ಹೋಗದೆ ಗದ್ದದಿಂದ ಎದೆಯ ನಂಬರಿನ ಮೇಲೆ ಸುರಿಯಿತು. "ಮಾಸ್ಟ್ರೇ, ಆ ಕಾರ್ಡು ನಾನಿಟ್ಟಿದ್ದು," ಅಂದ. "ಪಾಳಿ ಬಿಡೋವಾಗ ತೆಗೆಯೋದು ಮರೆತೆ. ದಿನಾ ತೆಗೀತಿದ್ದೆ. ಆವತ್ತು ಒಂದು ದಿನ ಮರೆತೆ."

ಇಬ್ಬರು ಓಟಗಾರರು ಏದುಸಿರು ಬಿಡುತ್ತಾ ದಾಟಿ ಹೋದರು. ಮಾಸ್ಟರು ಬಾಟಲಿಯನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿ, ನಿಧಾನವಾಗಿ ಮುಚ್ಚಳ ತಿರುವಿದರು.

"ಗೊತ್ತು."

"ಯಾರು ಹೇಳಿದ್ರು?"

"ಆ ಮೆಷಿನ್ ಮುಂದೆ ನಿಲ್ಲೋರು ಇಬ್ಬರು. ನಾನಲ್ಲ. ಉಳಿದದ್ದು ಎಣಿಸೋಕೆ ಬೆರಳು ಬೇಕೇನೋ?"

ಉದ್ದಣ್ಣ ಮುಖವನ್ನು ಮೊಣಕಾಲಿನ ನಡುವೆ ಹುದುಗಿಸಿದ.

"ಹೇಳ್ತೀಯ ಅಂತ ಕಾದೆ," ಅಂದರು ಮಾಸ್ಟರು. "ಆಸ್ಪತ್ರೆಗೆ ಬಂದೆ, ಹೇಳಲಿಲ್ಲ. ಮನೆಗೆ ಬಂದೆ, ಹಣ್ಣು ಕೊಟ್ಟೆ, ಹೇಳಲಿಲ್ಲ. ಇನ್ನೇನು ಬಾಯಿ ಬಿಡ್ತಾನೆ ಅನ್ನೋಷ್ಟರಲ್ಲಿ ನೀನು ಓಡೋಕೆ ಶುರು ಮಾಡ್ದೆ."

"ಬಯ್ಯಿರಿ ಮಾಸ್ಟ್ರೇ. ಹೊಡೀರಿ."

"ಹೊಡೆಯೋ ಕೈ ಇದ್ದಿದ್ರೆ ನಿನ್ನ ಕೇಳ್ತಿದ್ನಾ?" ದನಿ ಏರಿತು, ಮತ್ತೆ ಅವರೇ ಇಳಿಸಿಕೊಂಡರು. "ನೋಡು, ಇದು ಯಜಮಾನನ ಕಿವಿಗೆ ಬಿದ್ರೆ ಅವನು ಕೈ ಎತ್ತಿಬಿಡ್ತಾನೆ. ಉಳಿದೋರೂ ಅಷ್ಟೇ. ಮತ್ತೆ ವಿಚಾರಣೆ ಅಂದ್ರೆ ವರ್ಷಾನುಗಟ್ಟಲೆ. ನನಗಿರೋದು ಒಂದು ತಿಂಗಳು. ಅದಕ್ಕೆ ಮೈಕಲ್ಲಿ ಏನೂ ಒದರಬೇಡ. ಮುಗಿಸು. ಮುಗಿಸಿ, ಒಬ್ಬರಿಗೆ ಹೇಳು."

"ಯಾರಿಗೆ?"

"ನಮ್ಮ ಮನೆಯವಳಿಗೆ. ನಿನ್ನ ಅತ್ತಿಗೆಗೆ."

ಉದ್ದಣ್ಣ ತಲೆ ಎತ್ತಿದ. "ಅದೊಂದು ಬೇಡ ಮಾಸ್ಟ್ರೇ. ನೀವೇ ಹೇಳಿ."

"ನಾನು ಹೇಳಿ ಆಯ್ತಲ್ಲ, ನಾಲ್ಕು ತಿಂಗಳಿಂದ." ಮಾಸ್ಟರು ಬಲಗೈ ಚಾಚಿದರು. "ಏಳು."

ಆ ಕೈ ಹಿಡಿದೇ ಅವನು ಎದ್ದ.

ಉಳಿದ ಏಳು ಕಿಲೋಮೀಟರನ್ನು ಅವನು ಓಡಿದ ಅನ್ನುವಂತಿಲ್ಲ. ದೀಪದ ಕಂಬದಿಂದ ದೀಪದ ಕಂಬಕ್ಕೆ ಕಾಲು ಎಳೆದ. ಅಜ್ಜಿಯೊಬ್ಬಳು ಕಿಟಕಿಯಿಂದ ಬಗ್ಗಿ, "ಎಲ್ಲರೂ ಹೋಗಿ ಆಯ್ತು ಮಗಾ, ನೀನಿನ್ನೂ ಎಲ್ಲಿಗೆ?" ಅಂದಳು. ಅತ್ತಿಗೆಗೆ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದ. ಯಾವುದರಲ್ಲೂ 'ನಾನು' ಎಂಬುದನ್ನು ಬಿಟ್ಟು ಹೇಳಲು ಆಗಲಿಲ್ಲ.

ಗೆರೆ ದಾಟಿದಾಗ ಚಪ್ಪಾಳೆ ಬಿತ್ತು. "ನಮ್ಮ ಹುಲಿ ಬಂತು ನೋಡ್ರಪ್ಪ!" ಎಂದು ಯಜಮಾನರು ಮೈಕಿನಲ್ಲಿ ಕೂಗಿದರು. ಬಸ್ಸು ಹಿಡಿದು ಮೊದಲೇ ಬಂದಿದ್ದ ಮಾಸ್ಟರನ್ನು ವೇದಿಕೆಯ ಕೆಳಗೆ, ಎಲ್ಲರಿಗೂ ಕಾಣುವ ಕುರ್ಚಿಯಲ್ಲಿ ಕೂರಿಸಿದ್ದರು.

ಮಾಸ್ಟರ ಹೆಂಡತಿ ಜನರನ್ನು ತಳ್ಳಿಕೊಂಡು ಬಂದು ಉದ್ದಣ್ಣನನ್ನು ಬೆಂಚಿನ ಮೇಲೆ ಕೂರಿಸಿದಳು. ಗೆರೆ ದಾಟಿದ್ದೇ ಅವನ ಸೊಂಟ ಮರದ ಹಲಗೆಯಂತೆ ಸೆಟೆದುಹೋಗಿತ್ತು. "ಕಾಲು ಚಾಚಿ ಅಣ್ಣಾ. ಅಯ್ಯೋ, ಸಾಕ್ಸೆಲ್ಲಾ ರಕ್ತ!" ಎನ್ನುತ್ತಾ ನೆಲಕ್ಕೆ ಕೂತು ಒಂದು ಬೂಟು ಕಳಚಿದಳು. ಒದ್ದೆ ಟವೆಲಿನಿಂದ ಪಾದ ಒತ್ತಿ ಒತ್ತಿ ಒರೆಸಿದಳು. "ಒಡಹುಟ್ಟಿದೋರೂ ಮಾಡಲ್ಲ ಇಷ್ಟು. ನನ್ನ ಗಂಡನ ಬುದ್ಧಿಗೇಡಿತನಕ್ಕೆ ನಿಮ್ಮ ಕಾಲು ದಂಡ ಕಟ್ತು ನೋಡಿ."

"ಅತ್ತಿಗೆ."

"ಸುಮ್ನಿರಿ, ಆ ಕಾಲು ಕೊಡಿ."

"ಅತ್ತಿಗೆ, ಬಟನ್ನಿಗೆ ಕಾರ್ಡು ತುರುಕಿದ್ದು ನಾನು. ಮಾಸ್ಟ್ರು ಅಲ್ಲ."

ಇನ್ನೊಂದು ಬೂಟಿನ ಲೇಸಿನ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು. ಅವಳು ತಲೆ ಎತ್ತಲಿಲ್ಲ. ಮೈಕಿನಲ್ಲಿ ಯಜಮಾನರು ಕೊಟ್ಟವರ ಹೆಸರು ಓದತೊಡಗಿದ್ದರು; ಒಂದೊಂದು ಹೆಸರಿಗೂ ಚಪ್ಪಾಳೆ.

"ಅವರಿಗೆ ಗೊತ್ತಾ?"

"ಗೊತ್ತಿತ್ತು."

"ಯಾವತ್ತಿಂದ?"

"ಮೊದಲ ದಿನದಿಂದ್ಲೇ."

"ಊಟ ಬಡಿಸ್ತಾ ಬಡಿಸ್ತಾ ಬೈದಿದೀನಿ ನಾನು," ಅಂದಳು. ಅವನಿಗೆ ಹೇಳಿದ್ದಲ್ಲ ಅದು. "ತುತ್ತು ಬಾಯಲ್ಲಿರೋವಾಗ."

ಅವಳು ಲೇಸು ಬಿಟ್ಟು ಎದ್ದಳು. ಟವೆಲನ್ನು ಬೆಂಚಿನ ಮೇಲೆ, ಅವನಿಂದ ಒಂದು ಗೇಣು ದೂರಕ್ಕಿಟ್ಟಳು. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಗಂಡನ ಕುರ್ಚಿಯ ಹಿಂದೆ ನಿಂತಳು. ಮಾಸ್ಟರು ತಿರುಗಿ ನೋಡಿದರು. ಅವಳು ಅಷ್ಟು ಜನರೆದುರು, ಕುರ್ಚಿಯ ಪಕ್ಕದ ಬರೀ ನೆಲದ ಮೇಲೆ ಕೂತುಬಿಟ್ಟಳು.

ಈಗ ಯಜಮಾನರು ಉದ್ದಣ್ಣನನ್ನು ವೇದಿಕೆಗೆ ಕರೆಯುತ್ತಿದ್ದರು. ಒಂದು ಸಲ, ಎರಡು ಸಲ. ಜನ ತಿರುಗಿ ಅವನತ್ತ ನೋಡಿದರು. ಒಂದು ಕಾಲು ಬರಿದು, ಇನ್ನೊಂದರಲ್ಲಿ ಬೂಟು. ಅದನ್ನೂ ಕಳಚೋಣವೆಂದು ಅವನು ಬಗ್ಗಿದ. ಸೊಂಟ ಬಗ್ಗಲಿಲ್ಲ. ಉಸಿರು ಹಿಡಿದು ಮತ್ತೆ ಬಗ್ಗಿದ. ಅಷ್ಟುದ್ದದ ಕೈ, ಲೇಸಿನ ತನಕ ಹೋಗಲೇ ಇಲ್ಲ.