ಗ್ರಹಣ ಹಿಡಿದ ನೀರು

ಗ್ರಹಣ ಬಿಟ್ಟಿತ್ತು. ಕಲ್ಲೂರಿನ ಓಣಿಯಲ್ಲಿ ಮನೆಮನೆಯ ಹಳೆ ನೀರು ಹರಿಯುತ್ತಿತ್ತು. ಹಿತ್ತಲಲ್ಲಿ ತನ್ನ ಪುಟ್ಟ ಮಗಳು ಅಮರಮ್ಮನಿಗೆ ಸ್ನಾನ ಮಾಡಿಸಿ ಒಳಬಂದ ಅಯ್ಯಮ್ಮ ಮೂಲೆ ನೋಡಿ ನಿಂತುಬಿಟ್ಟಳು. ಗ್ರಹಣ ತಾಗದಿರಲೆಂದು ಗರಿಕೆ ಇಟ್ಟಿದ್ದ ಹಾಲು, ಉಪ್ಪಿನಕಾಯಿ ಹಾಗೇ ಇದ್ದವು. ನೀರಿನ ಗಡಿಗೆ ಬೋರಲು ಬಿದ್ದಿತ್ತು.

“ಅತ್ತಿ, ಇದರಾಗಿನ ನೀರು?”

“ಗ್ರಹಣ ಹಿಡಿದ ನೀರು ಮನ್ಯಾಗ ಇಟಗೋತಾರೇನು? ತಿಪ್ಪಿಗೆ ಚೆಲ್ಲಿ ಬಂದೆ,” ಎಂದಳು ಯಮನಮ್ಮ.

“ಕೂಸಿನ ಔಷಧ ಅದರಾಗ ಇತ್ತಲ್ಲಬೇ!”

ಸಕ್ಕರೆ ಕಾಯಿಲೆಯ ಹುಡುಗಿಗೆ ದಿನವೂ ಚುಚ್ಚುವ ಇನ್ಸುಲಿನ್ ಕೆಡದಿರಲೆಂದು, ಅಯ್ಯಮ್ಮ ಶೀಸೆಯನ್ನು ಅರಿವೆಯಲ್ಲಿ ಕಟ್ಟಿ ಆ ತಣ್ಣೀರಿನ ತಳಕ್ಕೆ ಬಿಡುತ್ತಿದ್ದಳು. ಯಮನಮ್ಮನಿಗೆ ಅದು ಗೊತ್ತಿತ್ತು. ಹಾಡಹಗಲೇ ಕವಿದ ಕತ್ತಲೆ ಎಲ್ಲವನ್ನೂ ಮರೆಸಿತ್ತು. ಮುದುಕಿ ತಿಪ್ಪೆಗೆ ಓಡಿದಳು. ಗಂಟು ಕಲ್ಲಿನ ಮೇಲೆ ಬಿದ್ದು ಶೀಸೆ ಒಡೆದಿತ್ತು.

ಮರುದಿನ ರಾಯಚೂರಿನ ಬಸ್ಸಿನಲ್ಲಿ ಹುಡುಗಿ ಅಜ್ಜಿಯ ತೊಡೆಗೆ ಒರಗಿ ಮತ್ತೆ ಮತ್ತೆ ನೀರು ಕೇಳಿದಳು. ಸೊಸೆ ಅತ್ತೆಯ ಮುಖ ನೋಡಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ, ಆದಿತ್ಯವಾರವಾದರೂ, ಕಂಪೌಂಡರ್ ಗುಲಾಮ್ ದಸ್ತಗೀರ್ ಇದ್ದ.

“ಖಾಲಿ ಶೀಸೆ ಕೊಡ್ರಿ. ಅದಿಲ್ಲಂದ್ರ ಹೊಸಾದು ಕೊಡಂಗಿಲ್ಲ. ತುಂಬಿದ್ದು ಹೊರಗ ಮಾರಿ ಮತ್ತ ಬರತಾರ ಮಂದಿ.”

ಯಮನಮ್ಮ ಸೆರಗಿನ ಗಂಟು ಬಿಚ್ಚಿದಳು. ಗಾಜಿನ ಚೂರು, ರಬ್ಬರಿನ ಬಿರಡೆ. ಆಕೆಯ ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ ರಕ್ತ ಒಣಗಿತ್ತು.

“ಚೆಲ್ಲಿದಾಕಿ ನಾನು ಯಪ್ಪಾ. ಬೈಯೋದಿದ್ರ ನನ್ನ ಬೈ. ಕೂಸಿಂದೇನು ತಪ್ಪು?”

ದಸ್ತಗೀರ್ ಹುಡುಗಿಯ ಒಣಗಿದ ತುಟಿ ನೋಡಿದ. “ಬೈಯ್ಲಿ ಹೆಂಗ? ನಿನ್ನೆ ಗ್ರಹಣಕ್ಕ ಅಂಜಿ ನಮ್ಮ ಮನ್ಯಾಗೂ ಯಾರೂ ಹೊಸ್ತಿಲಾ ದಾಟಲಿಲ್ಲ.” ಬೀರು ತೆರೆದು ಉಳಿದಿದ್ದ ಒಂದೇ ಶೀಸೆ ತೆಗೆದ. ಕೈಯಲ್ಲೇ ಸ್ವಲ್ಪ ಹೊತ್ತು ಹಿಡಿದುಕೊಂಡ.

“ಇದು ದೇವದುರ್ಗದ ಒಬ್ಬಾಕಿ ಪಾಲಿಂದು ಯವ್ವಾ. ಬುಧವಾರ ಬರತಾಳ. ಅಷ್ಟರಾಗ ಸರಕು ಬಂದ್ರ ಛಲೋ. ಬರಲಿಲ್ಲಂದ್ರ...” ಆತ ಸೂಜಿ ಕುದಿಯಲಿಟ್ಟ.

ಸಂಜೆ ಮನೆಯಲ್ಲಿ ಅಯ್ಯಮ್ಮ ಗಡಿಗೆಗೆ ಹೊಸ ನೀರು ತುಂಬಿ, ದಸ್ತಗೀರ್ ಕೊಟ್ಟ ಶೀಸೆಯ ಗಂಟನ್ನು ಇಳಿಬಿಟ್ಟಳು. ಯಮನಮ್ಮ ಹಿತ್ತಲಿನಿಂದ ಗರಿಕೆ ತಂದು ನೀರಿನ ಮೇಲೆ ಒಂದು ಎಸಳು ಇಟ್ಟಳು.

“ಗ್ರಹಣ ಹೋತಲ್ಲ ಅತ್ತಿ,” ಎಂದಳು ಸೊಸೆ, ನಿನ್ನೆಯಿಂದ ಮೊದಲ ಬಾರಿ ಮಾತಾಡಿಸಿ.

ಮುದುಕಿ ದೇವದುರ್ಗದ ದಿಕ್ಕಿಗೆ ಒಮ್ಮೆ ಕೈಮುಗಿದು, ಇನ್ನೊಂದು ಎಸಳನ್ನು ಮೊದಲನೆಯದರ ಪಕ್ಕಕ್ಕೆ ತೇಲಿಬಿಟ್ಟಳು.